ಹಿಮ್ಮಡಿಯ ಕೆಳಗಿನ ಸ್ವರ

ನಿರ್ದೇಶಕರು ಆ ಕಪ್ಪು ಯಂತ್ರವನ್ನು ತಂದು ಗುಬ್ಬಿಯ ಕುರ್ಚಿಯ ಪಕ್ಕದಲ್ಲೇ ಇಟ್ಟರು. ಬೇರೆ ಎಲ್ಲಾದರೂ ಇಡಬಹುದಿತ್ತು. ಅದರೊಳಗೆ ಯಾರೋ ನುಡಿಸಿದ ಗಿಟಾರು ತುಂಬಿತ್ತು. ಗುಂಡಿ ಒತ್ತಿದರೆ ಸಾಕು, ಬರುತ್ತಿತ್ತು.

"ನಿನ್ನ ಮೇಲೆ ನಂಗೆ ಕೋಪ ಇಲ್ಲಮ್ಮ," ಎಂದರು. "ಆದ್ರೆ ನಾಟಕ ನಿಲ್ಲೋ ಹಾಗಿಲ್ಲ. ಮೊದಲ ಪ್ರದರ್ಶನದ ದಿನ ಕೊನೇ ದೃಶ್ಯ ನೀನು ಸರಿಯಾಗಿ ಎತ್ತಿದ್ರೆ ಜಾಗ ನಿಂದು. ಇಲ್ಲಾಂದ್ರೆ ಇದರದ್ದು."

ಗುಬ್ಬಿ ಯಂತ್ರದ ಕಡೆ ನೋಡಲಿಲ್ಲ. ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು, "ಸರಿ ಸಾರ್," ಎಂದಳು.

ಗುಬ್ಬಿ ನನ್ನ ತಂಗಿಯ ಮಗಳು. ಹೆಸರು ಬೇರೆ ಇದೆ. ಕೂತಲ್ಲಿ ಕೂರದ ಮಗುವಾಗಿದ್ದಾಗ ಅಂಟಿಕೊಂಡ ಈ ಹೆಸರು ಬಿಡಲೇ ಇಲ್ಲ. ನಾನು ಆ ರಂಗಮಂದಿರದಲ್ಲಿ ಪರದೆಯ ಹಗ್ಗ ಎಳೆಯುವವಳು. ಮೊದಲು ನನ್ನ ಯಜಮಾನರು ಎಳೆಯುತ್ತಿದ್ದರು. ಅವರ ಭುಜ ಸೋತ ಮೇಲೆ ಹಗ್ಗ ನನ್ನ ಕೈಗೆ ಬಂತು. ವೇದಿಕೆಯ ಎಡಬದಿಯಲ್ಲಿ, ಪಕ್ಕದ ಪರದೆಯ ಮರೆಯಲ್ಲಿ, ನನ್ನದೊಂದು ಎತ್ತರದ ಸ್ಟೂಲು. ಅಲ್ಲಿಂದ ನನಗೆ ನಟರೂ ಕಾಣುತ್ತಿದ್ದರು, ವೇದಿಕೆಯ ಮುಂದಿನ ತಗ್ಗಿನಲ್ಲಿ ಕೂತು ನುಡಿಸುವ ಗುಬ್ಬಿಯೂ ಕಾಣುತ್ತಿದ್ದಳು.

ಆಗೆಲ್ಲ ಅವಳ ಬಲಗೈ ಕಿರುಬೆರಳು ಗಿಟಾರಿನ ಮೈಮೇಲಿದ್ದ ಸದ್ದಿನ ಗುಂಡಿಯನ್ನು ಬಿಟ್ಟು ಕದಲುತ್ತಿರಲಿಲ್ಲ. ಗುಂಡಿಯನ್ನು ಪೂರ್ತಿ ಇಳಿಸಿ ತಂತಿ ಮೀಟುವಳು, ಯಾರಿಗೂ ಕೇಳಿಸದು. ಆಮೇಲೆ ಆ ಬೆರಳಿನಿಂದ ಗುಂಡಿಯನ್ನು ಮೆಲ್ಲಗೆ ತಿರುಗಿಸುವಳು. ಮೀಟಿದ ಏಟು ಇರುವುದಿಲ್ಲ, ಸ್ವರ ಮಾತ್ರ ಯಾರೋ ಉಸಿರು ಎಳೆದುಕೊಂಡ ಹಾಗೆ ಏಳುತ್ತದೆ. ಅದು ಏಳುತ್ತಿದ್ದಂತೆ ನಾನು ಪರದೆ ಇಳಿಸುತ್ತಿದ್ದೆ. ಎಷ್ಟೋ ನಾಟಕಗಳು ನಮ್ಮಿಬ್ಬರ ಕೈಯಲ್ಲಿ ಹಾಗೇ ಮುಗಿದಿವೆ.

ಸಾಮಾನು ಸಾಗಿಸುವ ವ್ಯಾನಿನ ಬಾಗಿಲು ಆ ಬೆರಳಿನ ಮೇಲೆ ಬಿತ್ತು. ಗಾಯ ಮಾಗಿತು, ಗೆಣ್ಣು ಮಾಗಲಿಲ್ಲ. ಬೆರಳು ಮಡಚಲು ಬಾರದೆ ಕಡ್ಡಿಯ ಹಾಗೆ ನಿಂತುಬಿಟ್ಟಿತು.

"ಬೆರಳು ಮಾಡ್ತಿದ್ದ ಕೆಲಸಾನ ಕಾಲಲ್ಲಿ ಮಾಡ್ಬಹುದು ದೊಡ್ಡಮ್ಮ," ಎಂದಳು ಗುಬ್ಬಿ, ಯಂತ್ರ ಬಂದ ದಿನ ಹೊರಗೆ ಮೆಟ್ಟಿಲ ಮೇಲೆ ಕೂತು. "ಅದಕ್ಕೆ ಪೆಡಲ್ ಬರತ್ತೆ. ನನ್ ಜೊತೆ ಅಂಗಡಿಗೆ ಬಾ."

"ನಾನ್ಯಾಕೆ? ನಂಗೆ ಹಗ್ಗ ಬಿಟ್ರೆ ಇನ್ನೇನು ಗೊತ್ತು?"

"ಒಬ್ಳೇ ಹೋದ್ರೆ ಅವಸರಕ್ಕೆ ಯಾವ್ದೋ ಒಂದು ಎತ್ಕೊಂಡು ಬಂದ್ಬಿಡ್ತೀನಿ. ನೀನಿದ್ರೆ ನಿಧಾನ ಆಗತ್ತೆ."

ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿತ್ತು. ಗೋಡೆ ತುಂಬ ಗಿಟಾರುಗಳು ಕತ್ತು ಹಿಡಿಸಿಕೊಂಡು ತೂಗುತ್ತಿದ್ದವು. ಅಂಗಡಿಯವನು ಕನ್ನಡಕವನ್ನು ಹಣೆಯ ಮೇಲೇರಿಸಿ ಗುಬ್ಬಿಯ ಬೆರಳು ನೋಡಿದ. ಒಂದೊಂದೇ ಪೆಡಲನ್ನು ನೆಲದ ಮೇಲೆ ಸಾಲಾಗಿ ಇಟ್ಟ. ನೋಡಲು ಎಲ್ಲ ಕಬ್ಬಿಣದ ಚಪ್ಪಲಿಗಳಂತಿದ್ದವು. ಹಿಮ್ಮಡಿ ಊರಿದರೆ ಸದ್ದಿಲ್ಲ. ಮುಂಗಾಲನ್ನು ಒತ್ತಿದಷ್ಟೂ ಸದ್ದು.

ಮೊದಲನೆಯದು ಪುಟ್ಟದು. ಗುಬ್ಬಿಯ ಕಾಲು ಅರ್ಧ ಹೊರಗೆ ಉಳಿಯಿತು. "ಬ್ಯಾಗಲ್ಲಿ ಜಾಗ ಉಳಿಯತ್ತೆ," ಎಂದ ಅಂಗಡಿಯವನು.

"ಬ್ಯಾಗ್ ನುಡಿಸಲ್ವಲ್ಲಪ್ಪ," ಎಂದೆ ನಾನು. ಅವನು ನಕ್ಕು ಅದನ್ನು ಎತ್ತಿಟ್ಟ.

ಎರಡನೆಯದರಲ್ಲಿ ಸ್ವರ ಬಂತು, ಆದರೆ ಕಂಬಳಿಯ ಒಳಗಿನಿಂದ ಬಂದ ಹಾಗಿತ್ತು. ಗುಬ್ಬಿ ಮುಖ ಹಿಂಡಿದಳು. "ತಪ್ಪು ನಂದೇ," ಎಂದ ಅವನು. "ಬೇರೆ ಡಬ್ಬಿಗಳೆಲ್ಲ ಆದ್ಮೇಲೆ ಕೊನೇಲಿ ಇಡೋ ಪೆಡಲ್ ಅದು. ಗಿಟಾರ್ ವೈರ್ ಸೀದಾ ಅದಕ್ಕೆ ಚುಚ್ಚಿದ್ರೆ ಸ್ವರದ ಅಂಚು ಸತ್ತೋಗತ್ತೆ. ಗಿಟಾರಿಂದ ಸೀದಾ ಹೋಗೋದು ಬೇರೆ ಇದೆ. ನಿಮ್ಮ ಹತ್ರ ಮಾರ್ದನಿ ಡಬ್ಬಿ ಇದ್ಯಾ?"

"ಇದೆ."

"ಹಾಗಾದ್ರೆ ಮೊದಲು ಪೆಡಲ್, ಆಮೇಲೆ ಮಾರ್ದನಿ. ಉಲ್ಟಾ ಮಾಡಿದ್ರೆ ಮುಂಗಾಲೆತ್ತಿದ ತಕ್ಷಣ ಮಾರ್ದನಿಯ ಕತ್ತೂ ಕತ್ತರಿಸಿಹೋಗತ್ತೆ."

ಮೂರನೆಯದನ್ನು ಅವನು ಎರಡೂ ಕೈಯಲ್ಲಿ ಎತ್ತಿ ತಂದ. ಭಾರವಾಗಿತ್ತು, ನೆಲದ ಮೇಲೆ ಜಾರುತ್ತಿರಲಿಲ್ಲ. ಪಕ್ಕದಲ್ಲೊಂದು ತಿರುಪು: ಬಿಗಿ ಮಾಡಿದರೆ ಹಲಗೆ ಕಾಲಿಟ್ಟಲ್ಲೇ ನಿಲ್ಲುತ್ತದೆ, ಸಡಿಲ ಮಾಡಿದರೆ ಸಲೀಸಾಗಿ ಓಡುತ್ತದೆ. ಗುಬ್ಬಿ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ನಿಂತಳು, ಹಿಮ್ಮಡಿ ಊರಿ ತಂತಿ ಮೀಟಿದಳು, ಮುಂಗಾಲು ಒತ್ತಿದಳು. ಎಷ್ಟೋ ದಿನದ ಮೇಲೆ ಆ ಸ್ವರ ಎದ್ದಿತು. ನನ್ನ ಬೆರಳುಗಳು ತಾವಾಗಿ ಮಡಚಿಕೊಂಡವು, ಹಗ್ಗ ಸಿಕ್ಕಂತೆ.

"ಇದೇ," ಎಂದಳು.

ನಾನೂ ತಲೆಯಾಡಿಸಿದೆ. ಅಲ್ಲೇ ತಪ್ಪಿದ್ದು. ಅವಳು ಅಲ್ಲಿ ನಿಂತು ನುಡಿಸಿದಳು. ಅವಳ ಹಿಂದೆಯೇ ಒಂದು ಖಾಲಿ ಕುರ್ಚಿ ಇತ್ತು. ಕೂತು ನೋಡು ಎಂದು ನನಗೂ ತೋಚಲಿಲ್ಲ, ಅವಳಿಗೂ ತೋಚಲಿಲ್ಲ. ಹೀಗಾಗಿ ತಪ್ಪು ಬಯಲಾದದ್ದು ತಾಲೀಮಿನ ದಿನ, ಎಲ್ಲರ ಎದುರಿಗೆ.

ಆ ನಾಟಕದ ಕೊನೆ ಹೀಗೆ. ಮಗಳು ಎಂದೋ ಮನೆ ಬಿಟ್ಟು ಹೋಗಿದ್ದಾಳೆ, ಈಗ ತಾಯಿಯೂ ಹೊರಡುತ್ತಾಳೆ. ಹೊಸಿಲ ಹತ್ತಿರ ನಿಂತು, ಪಿಸುಮಾತಿನಲ್ಲಿ, "ಬಾಗಿಲು ಹಾಕ್ಬೇಡಿ. ಅವಳು ಬಂದ್ರೂ ಬರಬಹುದು," ಎನ್ನುತ್ತಾಳೆ. ಆಮೇಲೆ ಬೀಗದ ಕೈಯನ್ನು ಮೇಜಿನ ಮೇಲೆ ಇಡುತ್ತಾಳೆ. ಅದು ತಾಗಿದ ಸದ್ದಿಗೆ ಗಿಟಾರು ಏಳಬೇಕು, ಪರದೆ ಇಳಿಯಬೇಕು. ತಾಯಿಯ ಪಾತ್ರ ಹಿರಿಯ ನಟಿಯದು. ಅವರನ್ನು ನಾವೆಲ್ಲ ಅಕ್ಕಾವ್ರು ಎನ್ನುತ್ತಿದ್ದೆವು.

ತಗ್ಗಿನಲ್ಲಿ ಗುಬ್ಬಿಯ ಕುರ್ಚಿ ಗಿಡ್ಡದು. ಕೂತರೆ ಮೊಣಕಾಲು ಎದ್ದು ನಿಲ್ಲುತ್ತದೆ. ಹಾಗೆ ಕೂತು ಮುಂಗಾಲನ್ನು ಎತ್ತಿ ಹಿಡಿಯುವುದೆಂದರೆ ಕಣಕಾಲು ಉರಿದುಹೋಗುತ್ತದೆ. ಅಕ್ಕಾವ್ರು "ಬಾಗಿಲು" ಎನ್ನುವಷ್ಟರಲ್ಲಿ ಗುಬ್ಬಿಯ ಪಾದ ಅವಳಿಗೆ ತಿಳಿಯದಂತೆ ಮುಂದಕ್ಕೆ ಇಳಿಯಿತು. ಸ್ವರ ನುಗ್ಗಿ ಬಂತು. ಪಿಸುಮಾತು ಮುಳುಗಿಹೋಯಿತು.

ಅಕ್ಕಾವ್ರು ಸೊಂಟಕ್ಕೆ ಕೈಯಿಟ್ಟು ತಗ್ಗಿನೊಳಕ್ಕೆ ಬಗ್ಗಿದರು. "ಏನೇ ಗುಬ್ಬಿ, ನಾನು ಹೊರಡೋಕೆ ಮುಂಚೆ ನೀನೇ ನನ್ನನ್ನ ಆಚೆ ತಳ್ತೀಯಲ್ಲ! ಕೈಗೆ ಬುದ್ಧಿ ಇತ್ತು, ಇನ್ನು ಕಾಲಿಗೂ ಬುದ್ಧಿ ಹೇಳ್ಬೇಕಾ?"

ಎಲ್ಲರೂ ನಕ್ಕರು. ನಿರ್ದೇಶಕರು ನಗಲಿಲ್ಲ. ಇನ್ನೊಮ್ಮೆ ಮಾಡಿಸಿದರು, ಮತ್ತೊಮ್ಮೆ ಮಾಡಿಸಿದರು. ಎರಡು ಸಲವೂ ಪಾದ ಜಾರಿತು. ಅವರು ಯಂತ್ರವನ್ನು ಎತ್ತಿಕೊಂಡು ವೇದಿಕೆಯ ಬಲಬದಿಗೆ, ನನ್ನ ನೇರಕ್ಕೆ ಕೊಂಡೊಯ್ದರು.

"ನಾಳೆ ನಾನು ಇಲ್ಲಿ ನಿಂತಿರ್ತೀನಿ. ನಿನ್ನ ಸದ್ದು ಮಾತಿನ ಮೇಲೆ ಹತ್ತಿದ್ರೆ ನಿನ್ನ ವೈರ್ ಕಿತ್ತು ಇದನ್ನ ಒತ್ತಿಬಿಡ್ತೀನಿ. ಕೀ ಇಟ್ಟ ಮೇಲೂ ಗಿಟಾರ್ ಬರದಿದ್ರೆ ಆಗ್ಲೂ ಒತ್ತಿಬಿಡ್ತೀನಿ. ಆಮೇಲೆ ಮಾತಿಲ್ಲ."

ಎಲ್ಲ ಹೋದ ಮೇಲೆ ಗುಬ್ಬಿ ತಗ್ಗಿನಲ್ಲೇ ಕೂತಿದ್ದಳು. ತಿರುಪನ್ನು ಬಿಗಿ ಮಾಡಿದ್ದಳು. ಆಗ ಪಾದ ಜಾರಲಿಲ್ಲ, ಆದರೆ ಸ್ವರ ಏಳುವಾಗ ಕುಂಟಿತು. ಸಡಿಲ ಮಾಡಿದಳು, ಜಾರಿತು.

"ಅಂಗಡೀಲಿ ಸರಿ ಇತ್ತಲ್ಲ ದೊಡ್ಡಮ್ಮ. ಅದೇ ಪೆಡಲ್ಲು, ಅದೇ ಕಾಲು."

ಹೇಳುವಾಗಲೇ ಅವಳ ಮಾತು ನಿಂತಿತು. ಕುರ್ಚಿಯನ್ನೊಮ್ಮೆ ನೋಡಿದಳು, ನನ್ನನ್ನು ನೋಡಿದಳು. "ಅಯ್ಯೋ, ನಾನು ಅಲ್ಲಿ ನಿಂತಿದ್ದೆ!"

ತಗ್ಗಿನಲ್ಲಿ ನಿಂತರೆ ಮುಂದಿನ ಸಾಲಿನವರಿಗೆ ಅವಳ ಬೆನ್ನೇ ಕಾಣುತ್ತದೆ, ನಾಟಕವಲ್ಲ. ಅವಳು ಮೇಲೆ ಹತ್ತಿ ಬಂದು ನನ್ನ ಸ್ಟೂಲಿನ ಮೇಲೆ ಪೃಷ್ಠ ಊರಿ ಕಾಲು ಚಾಚಿದಳು. ಕೂತಂತೆಯೂ ಇತ್ತು, ನಿಂತಂತೆಯೂ ಇತ್ತು. ಪೆಡಲನ್ನು ಎಳೆದುಕೊಂಡು ಹಿಮ್ಮಡಿ ಊರಿದಳು. ಪಾದ ಹೇಳಿದಲ್ಲಿ ನಿಂತಿತು.

"ಇಲ್ಲಿಂದ ಅಕ್ಕಾವ್ರ ಮುಖ ಕಾಣಲ್ಲ," ಎಂದೆ. "ಬೆನ್ನಷ್ಟೇ."

"ಕೀ ಸದ್ದು ಕೇಳತ್ತಲ್ಲ. ಅಷ್ಟು ಸಾಕು." ಆಮೇಲೆ, "ನೀನೆಲ್ಲಿ ಕೂರ್ತೀಯ?" ಎಂದಳು.

"ನಾನೇನು ಕೂತ್ಕೊಂಡು ಹಗ್ಗ ಎಳೀತೀನಾ?"

ಮರುದಿನ ಸಂಜೆ ಮಂದಿರ ತುಂಬಿತ್ತು. ಗುಬ್ಬಿ ತಿರುಪನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು, ಮಾರ್ದನಿ ಡಬ್ಬಿಯ ವೈರನ್ನು ಮುಟ್ಟಿ ನೋಡಿದಳು. ಎದುರು ಬದಿಯಲ್ಲಿ ನಿರ್ದೇಶಕರು ಯಂತ್ರದ ಪಕ್ಕ ನಿಂತಿದ್ದರು. ಅವರ ಮುಖದ ಮೇಲೆ ಯಂತ್ರದ ಪುಟ್ಟ ಕೆಂಪು ದೀಪದ ಬೆಳಕು ಬಿದ್ದಿತ್ತು.

ನಾಟಕ ಚೆನ್ನಾಗಿ ಸಾಗಿತು. ಅದೇ ನನಗೆ ಹೆದರಿಕೆ ತಂದಿತು; ಇಷ್ಟು ಚೆನ್ನಾಗಿ ಸಾಗಿದ ಮೇಲೆ ಕೊನೆ ಎಡವಿದರೆ ಎಲ್ಲರ ಕಣ್ಣೂ ಒಂದೇ ಕಡೆ ತಿರುಗುತ್ತದೆ.

ಕೊನೆಯ ದೃಶ್ಯ. ಅಕ್ಕಾವ್ರು ಹೊಸಿಲ ಹತ್ತಿರ ಬಂದರು. ದೀಪ ಇಳಿಯಿತು. ಗುಬ್ಬಿ ಹಿಮ್ಮಡಿ ಊರಿ ತಂತಿ ಮೀಟಿದಳು. ಯಾರಿಗೂ ಕೇಳಿಸಲಿಲ್ಲ, ತಂತಿ ನಡುಗುವುದು ಮಾತ್ರ ನನಗೆ ಕಂಡಿತು. ಅವಳ ಕಾಲ ಕೆಳಗೆ ಸ್ವರ ಜೀವಂತ ಇತ್ತು. ಮುಂಗಾಲು ಒತ್ತಿದರೆ ಏಳುತ್ತದೆ. ಆದರೆ ತಂತಿ ತುಂಬ ಹೊತ್ತು ನಡುಗುವುದಿಲ್ಲ.

ಆಗ ಟಕ್ ಎಂದು ಸದ್ದಾಯಿತು.

ಬೀಗದ ಕೈ ಮೇಜಿನ ಮೇಲಿತ್ತು. ಮಾತು ಇನ್ನೂ ಬಂದಿರಲಿಲ್ಲ.

ಹಗ್ಗ ಅಂಗೈಯಲ್ಲಿ ಜಾರತೊಡಗಿತ್ತು, ಗಟ್ಟಿಯಾಗಿ ಹಿಡಿದೆ. ಅಕ್ಕಾವ್ರ ಬೆನ್ನು ನೋಡಿದೆ. ಬೇಕೆಂದೇ ಸುಮ್ಮನಿದ್ದಾಗ ಅವರ ಭುಜ ಇಳಿದಿರುತ್ತದೆ; ಇದು ನನಗೆ ಅವರ ಹರೆಯದ ಕಾಲದಿಂದ ಗೊತ್ತು. ಈಗ ಭುಜ ಏರಿತ್ತು. ಎಡಗೈ ಹೆಬ್ಬೆರಳು ಸೆರಗಿನ ಅಂಚನ್ನು ಉಜ್ಜುತ್ತಿತ್ತು. ಮಾತು ಮರೆತುಹೋಗಿತ್ತು.

"ಮರ್ತಿದಾರೆ," ಎಂದೆ, ತುಟಿಯಲ್ಲೇ.

ಗುಬ್ಬಿಗೆ ಕೇಳಿಸಿತು. ಅವಳ ಪಾದ ಕದಲಲಿಲ್ಲ. ಎದುರು ಬದಿಯಲ್ಲಿ ನಿರ್ದೇಶಕರ ಕೈ ಎದ್ದಿತು. ಕೀ ಬಿದ್ದಿದೆ, ಗಿಟಾರು ಬಂದಿಲ್ಲ. ಅಷ್ಟು ದೂರದಿಂದ ಅವರಿಗೆ ಕಂಡದ್ದು ಅಷ್ಟೇ. ಅವರು ಒತ್ತಿದರೆ ಯಂತ್ರ ತುಂಬು ದನಿಯಲ್ಲಿ ಹೊರಡುತ್ತದೆ. ಮಾತು ಅಲ್ಲೇ ಸಾಯುತ್ತದೆ, ನಾಟಕ ಕೊನೆಯಿಲ್ಲದೆ ಮುಗಿಯುತ್ತದೆ, ಗುಬ್ಬಿಯ ಜಾಗವೂ ಹೋಗುತ್ತದೆ. ಗುಬ್ಬಿ ಸ್ವರವನ್ನು ಪೂರ್ತಿ ಎತ್ತಿದರೂ ಅದೇ ಗತಿ. ಎತ್ತದಿದ್ದರೆ ಯಂತ್ರದ ಗುಂಡಿ ಕೆಳಗಿಳಿಯುತ್ತದೆ.

ಸಭೆಯಲ್ಲಿ ಯಾರೋ ಕೆಮ್ಮಿದರು. ತಂತಿಯ ನಡುಕ ಸಣ್ಣದಾಗುತ್ತಿತ್ತು.

ಗುಬ್ಬಿ ಕಣ್ಣು ಮುಚ್ಚಿದಳು. ಅವಳ ಪಾದ ಮುಂದಕ್ಕೆ ಬಂತು. ಕೂದಲೆಳೆಯಷ್ಟು, ಅಷ್ಟೇ. ಅಲ್ಲೇ ನಿಂತಿತು. ಒಂದು ದಾರದಷ್ಟು ಸ್ವರ ಹೊರಗೆ ಬಂತು. ಪಕ್ಕದ ಮನೆಯಲ್ಲಿ ಯಾರೋ ಗುನುಗುವ ಹಾಗಿತ್ತು, ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ. ತಗ್ಗಿನ ಕುರ್ಚಿಯಲ್ಲಾಗಿದ್ದರೆ ಆ ಪಾದ ಅಲ್ಲಿ ನಿಲ್ಲುತ್ತಿರಲಿಲ್ಲ.

ನಿರ್ದೇಶಕರ ಕೈ ಗಾಳಿಯಲ್ಲೇ ನಿಂತಿತು.

ಗುಬ್ಬಿ ಪಾದವನ್ನು ಹಿಂದಕ್ಕೆ ತಂದಳು. ಮಾರ್ದನಿ ಡಬ್ಬಿಯಲ್ಲಿ ಉಳಿದಿದ್ದ ಚೂರು ಸ್ವರ ದೂರ ಹೋಗುತ್ತ, ಹೋಗುತ್ತ ಕರಗಿತು. ಸದ್ದಿಲ್ಲದೆ ಅವಳು ಇನ್ನೊಮ್ಮೆ ತಂತಿ ಮೀಟಿದಳು. ಹಣೆಯಿಂದ ಬೆವರು ಇಳಿದು ಗಿಟಾರಿನ ಮೇಲೆ ಬಿತ್ತು.

ಅಕ್ಕಾವ್ರ ತಲೆ ಮೆಲ್ಲಗೆ ಹೊರಳಿತು, ಆ ಸದ್ದು ಬಂದ ಕಡೆಗೆ. ಮಗಳು ಬರುವ ದಾರಿಯ ಕಡೆಗೇ ತಿರುಗಿದರೆಂದು ಸಭೆ ತಿಳಿದಿರಬೇಕು. ಭುಜ ಇಳಿಯಿತು. ಮೇಜಿನ ಮೇಲಿದ್ದ ಕೀಯನ್ನು ಮತ್ತೆ ಕೈಗೆತ್ತಿಕೊಂಡರು.

"ಬಾಗಿಲು ಹಾಕ್ಬೇಡಿ," ಎಂದರು. ಇನ್ನೂ ತಡೆದರು. "ಅವಳು ಬಂದ್ರೂ ಬರಬಹುದು."

ಕೀಯನ್ನು ಇಟ್ಟರು.

ಗುಬ್ಬಿಯ ಮುಂಗಾಲು ಇಳಿಯಿತು. ಸ್ವರ ಎದ್ದಿತು. ಏಟಿಲ್ಲದೆ, ನೆಲದೊಳಗಿಂದಲೇ ಎದ್ದ ಹಾಗೆ. ನಾನು ಹಗ್ಗ ಬಿಡುತ್ತ ಹೋದೆ. ಪರದೆ ನೆಲ ಮುಟ್ಟಿದ ಮೇಲೂ ಮಾರ್ದನಿ ಒಂದಷ್ಟು ಹೊತ್ತು ಸುತ್ತುತ್ತಿತ್ತು. ಅದು ನಿಂತ ಮೇಲೆ ಚಪ್ಪಾಳೆ ಬಿದ್ದವು.

ಅಕ್ಕಾವ್ರು ಸೀದಾ ನಮ್ಮ ಹತ್ತಿರ ಬಂದರು. ಬಣ್ಣದ ಕೆಳಗೆ ಮುಖ ಬಿಳಚಿತ್ತು. ಗುಬ್ಬಿಯ ಭುಜ ಹಿಡಿದು, "ಸತ್ತೇ ಹೋಗಿದ್ದೆ ಕಣೇ," ಎಂದರು. "ಎಲ್ಲಿದ್ದೀನಿ ಅಂತಾನೇ ತಿಳೀಲಿಲ್ಲ. ನಿನ್ನ ಸದ್ದು ಕೇಳಿ ಬಾಗಿಲು ನೆನಪಾಯ್ತು."

ನಿರ್ದೇಶಕರು ಹಿಂದಿನಿಂದ ಬಂದರು. "ಆ ಮೌನ ಬಹಳ ಚೆನ್ನಾಗಿತ್ತು. ಯಾರು ಯೋಚ್ನೆ ಮಾಡಿದ್ದು? ನಾಳೆನೂ ಇರ್ಲಿ."

ಅಕ್ಕಾವ್ರು ಅವರತ್ತ ತಿರುಗಿದರು. "ನಾಳೆ ಎಷ್ಟು ಹೊತ್ತು ಮರೀತೀನೋ ನಂಗೇ ಗೊತ್ತಿಲ್ಲ. ನಿಮ್ಮ ಮಿಷನ್ನು ಕಾಯ್ತಿತ್ತೇನ್ರೀ?"

ನಿರ್ದೇಶಕರು ಬಲಬದಿಗೆ ಹೋಗಿ ಯಂತ್ರದ ಕೆಂಪು ದೀಪ ಆರಿಸಿ, ವೈರನ್ನು ಮೊಣಕೈಗೆ ಸುತ್ತತೊಡಗಿದರು. ತಗ್ಗಿನ ಗಿಡ್ಡ ಕುರ್ಚಿಯನ್ನು ಒಳಗಿಡಲು ಯಾರಿಗೋ ಕೂಗಿ ಹೇಳಿದರು.

ಗುಬ್ಬಿ ಇನ್ನೂ ಎದ್ದಿರಲಿಲ್ಲ. ಪಾದ ಪೆಡಲಿನ ಮೇಲೇ ಇತ್ತು.

"ಏಳೇ," ಎಂದೆ. "ಎಲ್ರೂ ಹೊರಟ್ರು."

"ಏಳಕ್ಕಾಗ್ತಿಲ್ಲ ದೊಡ್ಡಮ್ಮ. ಕಾಲು ಹಿಡ್ಕೊಂಡಿದೆ."

ಬಗ್ಗಿ ಅವಳ ಶೂ ಬಿಚ್ಚಿದೆ. ಮೀನಖಂಡ ಕಲ್ಲಾಗಿತ್ತು. ಸಡಿಲವಾಗುವವರೆಗೂ ಎರಡೂ ಕೈಯಲ್ಲಿ ತಿಕ್ಕಿದೆ. ಅವಳು ನೋವಿಗೆ ಹಲ್ಲು ಕಚ್ಚಿಕೊಂಡೇ ನಗುತ್ತಿದ್ದಳು.

ಆ ನಾಟಕ ಬಹಳ ಕಾಲ ನಡೆಯಿತು, ಆಮೇಲೆ ಬೇರೆ ನಾಟಕಗಳೂ ಬಂದವು. ನನ್ನ ಸ್ಟೂಲು ಮಾತ್ರ ನನಗೆ ಮತ್ತೆ ಸಿಗಲಿಲ್ಲ. ಅಲ್ಲಿಂದೀಚೆಗೆ ಎಲ್ಲ ಪ್ರದರ್ಶನಗಳನ್ನೂ ನಾನು ನಿಂತೇ ನೋಡಿದ್ದೇನೆ.