ಮಣ್ಣಿನ ರಜೆಯ ದಿನ

ನನ್ನ ಗಂಡ ಜೈರೋಸಿ ಸತ್ತು ವರ್ಷ ತುಂಬಿತ್ತು. ಅವನನ್ನು ಮನೆಗೆ ಕರೆತರುವುದೊಂದು ಬಾಕಿ ಇತ್ತು. ನಮ್ಮಲ್ಲಿ ಸತ್ತವರು ಮೊದಲ ವರ್ಷ ಕಾಡಿನಲ್ಲಿ ಅಲೆಯುತ್ತಾರೆ. ಆಮೇಲೆ ಏಳು ದಿನ ಹುದುಗಿಸಿದ ರಾಗಿ ಬೀರನ್ನು ಸಮಾಧಿಗೆ ಸುರಿದು, ಹೆಸರು ಹಿಡಿದು ಕೂಗಿ, ಹಾಡುತ್ತಾ ಮನೆಯೊಳಕ್ಕೆ ಕರೆದುಕೊಂಡು ಬರಬೇಕು. ಒಮ್ಮೆ ಒಳಗೆ ಬಂದನೆಂದರೆ ನಾನು ಎಲ್ಲಿ ಹೋದರೂ ಜೊತೆಗಿರುತ್ತಾನೆ. ಬರದೇ ಹೋದರೆ ಅವನೂ ಒಂಟಿ, ನಾನೂ ಒಂಟಿ.

ಅವನು ಮಲಗಿದ್ದ ಗುಡ್ಡದ ಅಡಿಯಲ್ಲಿ ಲಿಥಿಯಂ ಸಿಕ್ಕಿತು. ಅದರಿಂದ ಹೊಗೆಯಿಲ್ಲದ ಕಾರು ಓಡುತ್ತದಂತೆ, ಲೋಕದ ಗಾಳಿಯೆಲ್ಲ ಶುದ್ಧವಾಗುತ್ತದಂತೆ. ಅದಕ್ಕೆ ನನ್ನ ಗಂಡನ ಎದೆಯನ್ನೇ ಅಗೆಯಬೇಕೇ ಎಂದು ಸಭೆಯಲ್ಲಿ ಕೇಳಿದೆ. ಕಂಪನಿಯ ಸಾಹೇಬ ನನ್ನ ಪ್ರಶ್ನೆಯನ್ನು ನೀಟಾಗಿ ಬರೆದುಕೊಂಡು ಥ್ಯಾಂಕ್ಸ್ ಹೇಳಿದ. ಮೊದಮೊದಲು ಹನ್ನೊಂದು ಜನ ಹೆಂಗಸರು ಲಾರಿಗಳಿಗೆ ಅಡ್ಡ ಕೂತಿದ್ದೆವು. ಇಬ್ಬರನ್ನು ಪೊಲೀಸರು ಎಳೆದೊಯ್ದರು. ಊರ ಮುಖ್ಯಸ್ಥ ತಾನು ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಆಮೇಲೆ ಒಬ್ಬೊಬ್ಬರೇ ಮಡಕೆ ಕುಡಿಕೆ ಕಟ್ಟಿಕೊಂಡು ಕಂಪನಿಯ ಹೊಸ ಊರಿಗೆ ಹೊರಟುಹೋದರು. ನನ್ನ ಹುಂಜವೂ ಉಳಿಯಲಿಲ್ಲ, ಸ್ಫೋಟದ ಕಲ್ಲು ಬಿದ್ದು ಸತ್ತಿತು. ಬೆಳಿಗ್ಗೆ ಎದ್ದರೆ ಮಾತಾಡಿಸಲು ಒಂದು ಪ್ರಾಣಿಯಿಲ್ಲ.

ಬರುತ್ತಿದ್ದವನು ಜಿವಾನಾಯಿ ಒಬ್ಬನೇ. ಜೈರೋಸಿಯ ಅಕ್ಕನ ಮಗ, ಕಂಪನಿಯ ಮಾತನ್ನು ಊರವರಿಗೆ ಮುಟ್ಟಿಸುವ ಕೆಲಸ ಅವನದು. ನಮ್ಮಲ್ಲಿ ಸೋದರಮಾವನ ಹೆಂಡತಿಯನ್ನು ಅಕ್ಕನ ಮಗ ತಮಾಷೆಗೆ ಹೆಂಡ್ತಿ ಎಂದೇ ಕರೆಯುವುದು.

"ಏನೇ ಹೆಂಡ್ತಿ, ಮುದುಕ ಹೋದ ಮೇಲೆ ನನ್ನ ಕಡೆ ತಿರುಗಿಯೂ ನೋಡಲ್ಲ? ಹೊಸ ಮನೆ ಬೀಗದ ಕೈ ನನ್ನ ಹತ್ರಾನೇ ಇದೆ ನೋಡು."

"ನಿನ್ನಂಥ ಗಂಡ ಇದ್ದಿದ್ರೆ ಯಾವತ್ತೋ ಬಾವಿಗೆ ಬೀಳ್ತಿದ್ದೆ," ಎಂದೆ.

ಈ ಕಾರ್ಯ ಅವನಿಲ್ಲದೆ ನಡೆಯುವಂತಿರಲಿಲ್ಲ. ಬೀರಿನ ಮೊದಲ ಗುಟುಕು ಅಕ್ಕನ ಮಗನದು, ಸತ್ತವನನ್ನು ಕೂಗುವ ಗಂಟಲೂ ಅವನದೇ. ಬರುತ್ತೇನೆಂದು ಒಪ್ಪಿಕೊಂಡ.

ಸಮಾಧಿಯನ್ನು ಮುಂದಿನ ವಾರ ಗುರುವಾರ ಎತ್ತುತ್ತೇವೆಂದು ಕಂಪನಿಯ ಕಾಗದ ಬಂತು. ಜಿವಾನಾಯಿ ಓದಿ ಹೇಳಿದಾಗ ನಕ್ಕುಬಿಟ್ಟೆ. ಗುರುವಾರ ಚಿಸಿ, ಮಣ್ಣಿಗೆ ರಜೆ. ಆ ದಿನ ಗುದ್ದಲಿ ಎತ್ತಿದವರನ್ನು ಹುಟ್ಟಿದಾಗಿನಿಂದ ನಾನು ಕಂಡಿಲ್ಲ. ಬರೆದವನು ತಪ್ಪಿದ್ದಾನೆ, ಶುಕ್ರವಾರ ಬಂದರೂ ಮಧ್ಯಾಹ್ನದೊಳಗಂತೂ ಬರುವುದಿಲ್ಲ ಎಂದುಕೊಂಡು, ಶುಕ್ರವಾರ ಮುಂಜಾನೆಗೆ ಹದವಾಗುವಂತೆ ಬೀರು ಹಾಕಿದೆ. ನನ್ನ ದಡ್ಡತನಕ್ಕೆ ನಾನೇ ಸಾಕ್ಷಿ.

ಗುರುವಾರ ಬಿಸಿಲೇರುವ ಮೊದಲೇ ಯಂತ್ರದ ಸದ್ದು ಕೇಳಿತು. ಬಾಗಿಲಲ್ಲಿ ಜಿವಾನಾಯಿ, ತಲೆಗೆ ಹೆಲ್ಮೆಟ್ಟು.

"ಅಜ್ಜಿ, ಸ್ವಲ್ಪ ಹೊರಗೆ ಬನ್ನಿ."

ಹೆಂಡ್ತಿ ಎನ್ನಲಿಲ್ಲ.

"ಇವತ್ತು ಚಿಸಿ ಕಣೋ."

"ಅವರಿಗೆ ಎಲ್ಲಿಯ ಚಿಸಿ? ಹಾಳೇಲಿ ಗುರುವಾರ ಅಂತಿದೆ."

ಒಳಗೆ ಹೋಗಿ, ಇನ್ನೂ ಒಂದು ದಿನ ಹುದುಗಬೇಕಿದ್ದ ಬೀರನ್ನೇ ಸೋರೆ ಬುರುಡೆಯಲ್ಲಿ ತಂದೆ. ಒಂದೇ ಗುಟುಕು ಕುಡಿ, ಒಂದೇ ಸಲ ಕೂಗು, ಸಾಕು ಎಂದು ಬೇಡಿಕೊಂಡೆ. ಅವನ ಕೈ ಮುಂದೆ ಬಂತು, ಮತ್ತೆ ಹಿಂದೆ ಹೋಯಿತು.

"ಗೇಟಲ್ಲಿ ಬಾಯಿ ಊದಿಸ್ತಾರೆ. ವಾಸನೆ ಸಿಕ್ರೆ ಕೆಲಸ ಹೋಗುತ್ತೆ. ಭಾನುವಾರ ನಂಗೆ ರಜ, ಭಾನುವಾರ ಬರ್ತೀನಿ."

ಮಣ್ಣಿಗಿಲ್ಲದ ರಜೆ ಅವನಿಗೆ ಭಾನುವಾರವಿತ್ತು. ಬೈಯಬೇಕೆನಿಸಿತು, ಅಷ್ಟರಲ್ಲಿ ಅವನು ಮೂವತ್ತೆಂಟನೇ ನಂಬರಿನ ಹೊಸ ಮನೆಯ ಬೀಗದ ಕೈಯನ್ನು ನನ್ನ ಕೈಗಿಟ್ಟ. ಗುರುತಿಲ್ಲದ ನಾಲ್ವರು ಅಗೆದರು. ಅಷ್ಟೆತ್ತರದ ನನ್ನ ಗಂಡ ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಹಿಡಿಸಿಬಿಟ್ಟ. ಪೆಟ್ಟಿಗೆಯನ್ನು ಲಾರಿಗೆ ಹೇರಿದರು. ಖಾಲಿ ಗುಂಡಿಗೆ ಇದ್ದ ಬೀರನ್ನೆಲ್ಲ ನಾನೇ ಸುರಿದೆ, ನಾನೇ ಕೂಗಿದೆ.

"ಜೈರೋಸೀ, ಪೆಟ್ಟಿಗೆ ಹಿಂದೆ ಹೋಗಬೇಡ. ನನ್ನ ಹಿಂದೆ ಬಾ. ಮನೆ ನಂಬರ್ ಮೂವತ್ತೆಂಟು."

ಯಂತ್ರದ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ಹೊಸ ಊರಿನಲ್ಲಿ ಅರವತ್ತು ಮನೆ. ಎಲ್ಲಕ್ಕೂ ಬಿಳಿ ಗೋಡೆ, ಎಲ್ಲಕ್ಕೂ ನೀಲಿ ಬಾಗಿಲು. ಹತ್ತು ಜನ ಹಾಡಬೇಕಾದ ಹಾಡನ್ನು ಒಬ್ಬಳೇ ಹಾಡುತ್ತಾ ಬೀದಿಯಲ್ಲಿ ನಡೆದೆ. ಲಾರಿಗೆ ಅಡ್ಡ ಕೂತಾಗ ನನ್ನ ಕೈ ಹಿಡಿದಿದ್ದ ರವೀರೋ ತನ್ನ ಮನೆ ಬಾಗಿಲವರೆಗೆ ಬಂದು, ತಲೆ ತಗ್ಗಿಸಿ ಒಳಗೆ ಹೋದಳು. ಮನೆಯೊಳಗೆ ಚಾಪೆ ಹಾಸಿ, ಬಾಗಿಲು ತೆರೆದಿಟ್ಟು ಕಾದೆ. ಶುಕ್ರವಾರ ಕಾದೆ, ಶನಿವಾರ ಕಾದೆ.

ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಯಾರೋ ಬಾಗಿಲು ತಟ್ಟುವ ಸದ್ದಾಯಿತು. ನನ್ನದಲ್ಲ. ಇನ್ನೊಂದು ಬಾಗಿಲು, ಮತ್ತೊಂದು. ಕೊನೆಗೆ ಜಿವಾನಾಯಿ ನನ್ನ ಹೊಸ್ತಿಲಲ್ಲಿ ಬೆವರೊರೆಸಿಕೊಳ್ಳುತ್ತಾ ನಿಂತ.

"ಏನೇ ಹೆಂಡ್ತಿ, ಇದೆಂಥ ಊರು? ಬೀಗದ ಕೈ ಕೊಟ್ಟವನು ನಾನೇ, ನಂಗೇ ನಿನ್ನ ಮನೆ ಸಿಗಲಿಲ್ಲ. ಅರ್ಧ ಬಾಗಿಲಿಗೆ ನಂಬರೇ ಬರೆದಿಲ್ಲ, ನಾಲ್ಕು ಮನೆ ತಟ್ಟಿ ಬಂದೆ."

ಅವನಿಗೆ ಕಣ್ಣಿದೆ, ಓದು ಬರುತ್ತದೆ. ಜೈರೋಸಿಗೆ ಅಂಕಿಯೂ ಗೊತ್ತಿರಲಿಲ್ಲ.

ಕುಡಿಯಲು ಬೀರು ಎಲ್ಲಿ ಎಂದು ಅವನು ಕೇಳಿದ. ನಾನು ಚಾಪೆಯ ಮೇಲೆ ಕೂತು ಅತ್ತೆ.