ಸಾಸವಡದ ಕಣಜದ ತಲೆ

ಸೋಮವಾರ ಬೆಳಿಗ್ಗೆ ಮಾದರಿಗಳ ಡಬ್ಬಿ ತೆಗೆದು ನೋಡಿದರೆ ನನ್ನ ಕಣಜದ ಹುಳುವಿನ ತಲೆ ಕಳಚಿತ್ತು. ತಾನಾಗಿ ಬಿದ್ದದ್ದಲ್ಲ. ಯಾರೋ ಅದನ್ನೆತ್ತಿ ಸಣ್ಣ ಗಾಜಿನ ನಳಿಕೆಗೆ ಹಾಕಿ, ಹತ್ತಿಯಿಂದ ಬಾಯಿ ಮುಚ್ಚಿ ಪಕ್ಕದಲ್ಲಿಟ್ಟಿದ್ದರು. ಇಷ್ಟು ಅಚ್ಚುಕಟ್ಟಾಗಿ ಅನಾಹುತ ಮಾಡುವವನು ನಮ್ಮ ಕೀಟ ಸಂಗ್ರಹಾಲಯದಲ್ಲಿ ಒಬ್ಬನೇ, ಮಧ್ವೇಶ.

ಪುಣೆಯ ಈ ಸಂಸ್ಥೆಯಲ್ಲಿ ಇಪ್ಪತ್ತಾರು ವರ್ಷದಿಂದ ಕಣಜಗಳನ್ನು ವಿಂಗಡಿಸುತ್ತಿದ್ದೇನೆ, ಅದರಲ್ಲೂ ಪರಾವಲಂಬಿ ಕಣಜಗಳನ್ನು. ಬದುಕಿರುವ ಹುಳುವಿನ ಮೈಯೊಳಗೆ ಇವು ಮೊಟ್ಟೆಯಿಟ್ಟು ಹಾರಿಹೋಗುತ್ತವೆ. ಮರಿ ಒಳಗಿನಿಂದ ತಿನ್ನುತ್ತ ಬೆಳೆಯುತ್ತದೆ, ಹುಳು ಏನೂ ಆಗಿಲ್ಲವೆಂಬಂತೆ ಎಲೆ ಮೇಯುತ್ತಿರುತ್ತದೆ. ಇಂಥವುಗಳ ಸಹವಾಸದಲ್ಲಿ ಇದ್ದೂ ಇದ್ದೂ ಯಾರನ್ನಾದರೂ ಸುಮ್ಮನೆ ನಂಬುವ ಅಭ್ಯಾಸ ನನಗೆ ಉಳಿದಿಲ್ಲ.

ಈ ಹೆಣ್ಣು ಕಣಜ ನಾಲ್ಕೇ ಮಿಲಿಮೀಟರ್. ನನ್ನ ಗುರುಗಳಾದ ಪ್ರಲ್ಹಾದ ಸರ್ ನಲವತ್ತು ವರ್ಷದ ಹಿಂದೆ ಸಾಸವಡದ ಅಂಜೂರದ ತೋಟದಲ್ಲಿ ಹಿಡಿದದ್ದು. ರೆಕ್ಕೆಯ ನರ, ಸೊಂಟದ ಗೆರೆ, ಮೊಟ್ಟೆಯಿಡುವ ಸೂಜಿಯ ಉದ್ದ ಎಲ್ಲವೂ ಅದನ್ನು ಒಂದು ಗೊತ್ತಿರುವ ಕುಲಕ್ಕೆ ಸೇರಿಸುತ್ತಿದ್ದವು. ತಲೆಯ ಮೇಲಿನ ಕುಡಿಮೀಸೆ ಮಾತ್ರ ಬೇರೆ. ಆ ಕುಲದಲ್ಲಿ ಮೀಸೆಗೆ ಹದಿನೆಂಟಕ್ಕಿಂತ ಹೆಚ್ಚು ಗಿಣ್ಣು ಕಂಡವರಿಲ್ಲ. ಇದಕ್ಕೆ ಇಪ್ಪತ್ನಾಲ್ಕು, ನಡುವೆ ಬಿಳಿ ಪಟ್ಟಿ ಬೇರೆ. ಹೊಸ ಪ್ರಭೇದವೆಂದು ಬರೆದು ಸರ್ ಹೆಸರನ್ನೇ ಇಟ್ಟೆ. ಲೇಖನವನ್ನು ಪತ್ರಿಕೆ ಒಪ್ಪಿಕೊಂಡಿತ್ತು. ಸರ್‌ಗೆ ಈಗ ಎಪ್ಪತ್ತೇಳು, ಈ ವರ್ಷ ಎರಡು ಸಲ ಆಸ್ಪತ್ರೆ ಸೇರಿ ಬಂದಿದ್ದಾರೆ. ಅವರಿರುವಾಗಲೇ ಅದು ಅಚ್ಚಾಗಬೇಕೆಂದು ನನಗೆ ಆಸೆ.

ಮಧ್ವೇಶ ಬೆಳಗಾವಿಯ ಹುಡುಗ, ನಮ್ಮಲ್ಲಿ ಗುತ್ತಿಗೆಯ ಮೇಲೆ ಸಹಾಯಕನಾಗಿ ಇದ್ದವನು. ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತಿತ್ತು, ಮುಂದುವರಿಸುವುದು ಬಿಡುವುದು ನನ್ನ ಮಾತಿನ ಮೇಲಿತ್ತು. ಕೆಲವು ದಿನಗಳಿಂದ ಅವನ ನಡೆ ಸರಿಯಿರಲಿಲ್ಲ. ನಾನು ಬಂದರೆ ಲ್ಯಾಪ್‌ಟಾಪ್ ಮುಚ್ಚುತ್ತಿದ್ದ. ಹೋದ ವಾರ ನನಗೆ ತಿಳಿಸದೆ ಕೋಥರೂಡಿನ ಮನೆಗೆ ಹೋಗಿ ಸರ್ ಅವರನ್ನು ಕಂಡು ಬಂದದ್ದು ನಮ್ಮ ವಾಚ್‌ಮನ್ ಬಾಯಿಂದ ಗೊತ್ತಾಯಿತು. ನನ್ನ ಬೆನ್ನ ಹಿಂದೆ ಏನೋ ನಡೆದಿದೆ ಅಂದುಕೊಂಡೆ. ಇದೇ ಕುಲದ ಮೇಲೆ ಅವನೂ ಬರೆಯುತ್ತಿರಬೇಕು, ನನ್ನ ಲೇಖನ ತಡವಾಗಲೆಂದು ಇರುವ ಒಂದೇ ಮಾದರಿಯನ್ನು ಕೆಡಿಸಿದ್ದಾನೆ ಎಂದು ಲೆಕ್ಕ ಹಾಕಿದೆ.

"ಶನಿವಾರ ಡಬ್ಬಿ ತಗದಿದ್ದು ನೀನs ಅಲ್ಲೇನು?"

"ಹೌದ್ರಿ ಮ್ಯಾಡಮ್."

"ರಿಜಿಸ್ಟರದಾಗ ಬರದಿಲ್ಲ."

"ಬರದಿಲ್ರಿ." ನೆಲ ನೋಡುತ್ತಲೇ ಅಂದ. "ನೀವು ಒಮ್ಮೆ ಸೂಕ್ಷ್ಮದರ್ಶಕದಾಗ ಅದರ ಕುತ್ತಿಗಿ ನೋಡ್ರಿ. ಆಮ್ಯಾಲೆ ಏನರ ಅನ್ರಿ."

"ಕುತ್ತಿಗಿ ನೋಡೂದನ್ನ ನೀ ನನಗ ಕಲಸ್ತೀ?"

ಅವನು ಸೂಕ್ಷ್ಮದರ್ಶಕವನ್ನು ನನ್ನತ್ತ ಸರಿಸಿದ. ಅದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು. ಮಾದರಿಯನ್ನು ಬೇಕೆಂದೇ ಮುರಿದಿದ್ದಾನೆ, ಇವನನ್ನು ಮುಂದುವರಿಸಬಾರದು ಎಂದು ನಿರ್ದೇಶಕರಿಗೆ ಅಲ್ಲೇ ಕೂತು ಇ-ಮೇಲ್ ಕಳಿಸಿದೆ. ನಾಲ್ಕು ಗಂಟೆಗೆ ಅವನನ್ನು ಕರೆಸುವುದಾಗಿ ಉತ್ತರ ಬಂತು. ತಲೆ ಮೊದಲು ಸರಿಯಾಗಿತ್ತು ಎಂದು ಸರ್ ಕೈಯಿಂದ ಬರೆಸಿಕೊಂಡರೆ ಸಾಕ್ಷಿಯಾಗುತ್ತದೆಂದು ಮಧ್ಯಾಹ್ನ ಮೂರಕ್ಕೆ ರಿಕ್ಷಾ ಹಿಡಿದು ಕೋಥರೂಡಿಗೆ ಹೋದೆ.

ಸರ್ ಆರಾಮ ಕುರ್ಚಿಯಲ್ಲಿದ್ದರು. ಫೋನಿನಲ್ಲಿ ಫೋಟೊ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ ನಕ್ಕರು.

"ಕಡೀಕೂ ಕಳಚಿತೇನು? ಭಾಳ ದಿನಾ ತಡೀತು ನೋಡು. ಆ ತಲೀ ಅಂಟಿಸಿದಾಂವ ನಾನs."

ನಾನು ಫೋನ್ ಕೆಳಗಿಟ್ಟೆ, ಅವರು ಮುಂದುವರಿಸಿದರು.

"ಸಾಸವಡದಿಂದ ಬರೂ ಮುಂದ ದಿವೇಘಾಟದಾಗ ಬಸ್ಸು ಜಿಗದು ಡಬ್ಬಿ ಉಳ್ಳಿ ಕೆಳಗ ಬಿತ್ತು. ಎರಡು ಕಣಜದ ತಲೀ ಬಿದ್ದಿದ್ವು. ಮರುದಿನ ಪರದೇಶದಾಂವ ಒಬ್ಬ ಸಂಗ್ರಹ ನೋಡಾಕ ಬರಾಂವ ಇದ್ದ. ಮನ್ಯಾಗ ನಮ್ಮಾಕಿ ಬಾಣಂತನ, ಅಂಟಿನುಂಡಿಗೆ ತಂದ ಅಂಟು ಇತ್ತು. ಅದನ್ನs ನೀರಾಗ ನೆನಸಿ ಹಚ್ಚಿದೆ. ಒಂದು ತಲೀ ಎಲ್ಲೋ ಹಾರಿ ಹೋತು. ಸಿಕ್ಕಿದ್ದು ಇದರದs ಅನಿಸ್ತು, ಕೂಡಿಸಿದೆ. ಆ ಮನಷ್ಯಾಗ ಗೊತ್ತs ಆಗ್ಲಿಲ್ಲ. ಹೋದ ವಾರ ಮಧ್ವೇಶಗೂ ಹೇಳಿದೆ. ಇಬ್ರೂ ನಕ್ಕಿವಿ."

ನಾನು ನಗಲಿಲ್ಲ. ಇಪ್ಪತ್ನಾಲ್ಕು ಗಿಣ್ಣಿನ ಮೀಸೆ ಬೇರೆ ಯಾವುದೋ ಕುಲದ ಕಣಜದ್ದು. ಹೊಸ ಪ್ರಭೇದ ಎನ್ನುವುದು ಇರಲೇ ಇಲ್ಲ. ಎರಡು ಕೀಟಗಳನ್ನು ಅಂಟಿನುಂಡಿಯ ಅಂಟು ಒಂದು ಮಾಡಿತ್ತು, ನಾನು ಅದಕ್ಕೆ ಲ್ಯಾಟಿನ್ ಹೆಸರು ಕೊಟ್ಟಿದ್ದೆ. ಮಧ್ವೇಶ ನಗುತ್ತಲೇ ಇದನ್ನು ಅರ್ಥ ಮಾಡಿಕೊಂಡಿರಬೇಕು. ಲ್ಯಾಪ್‌ಟಾಪ್ ಮುಚ್ಚುತ್ತಿದ್ದದ್ದೂ ಈ ಮೀಸೆಯ ಸಂಶಯಕ್ಕೇ ಇರಬೇಕು. ಒಂದು ಹನಿ ನೀರು ತಾಗಿಸಿ ತಲೆ ಬಿಡಿಸಿದ್ದಾನೆ. ಅಂಟನ್ನು ನಾನೇ ಕಂಡು ಲೇಖನ ಹಿಂದಕ್ಕೆ ತೆಗೆದುಕೊಳ್ಳಲಿ, ಸರ್‌ಗೆ ನೋವಾಗದಂತೆ ಅಂಟಿಸಿದವರು ಯಾರೆಂದು ಮಾತ್ರ ನನಗೂ ತಿಳಿಯದಿರಲಿ ಎಂದು. ಅವನು ಬೇಕೆಂದೇ ಮಾಡಿದ್ದ ಎಂಬ ನನ್ನ ಸಂಶಯ ಸರಿಯಾಗಿತ್ತು. ಉಳಿದದ್ದೆಲ್ಲ ತಪ್ಪಾಗಿತ್ತು. ನನಗೆ ನಾಚಿಕೆಯಾಯಿತು.

"ನನ್ನ ಹೆಸರಿನ ಹುಳಾ ಯಾವಾಗ ಅಚ್ಚಾಗೂದು?" ಸರ್ ಕೇಳಿದರು. ಆ ಹುಳು ಇದೇ ಎಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಮುಚ್ಚಿಡಬಹುದಿತ್ತು. ಆದರೆ ಗಡಿಯಾರದಲ್ಲಿ ನಾಲ್ಕೂ ಕಾಲಾಗಿತ್ತು, ಮಧ್ವೇಶನನ್ನು ನಿರ್ದೇಶಕರು ಒಳಗೆ ಕರೆದಿರಬೇಕು. ಎಲ್ಲ ಹೇಳಿದೆ, ನಾನು ಕಳಿಸಿದ ಇ-ಮೇಲ್ ಸಮೇತ. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಆಮೇಲೆ "ಮಧ್ವೇಶಗ ಫೋನ್ ಹಚ್ಚು" ಅಂದರು.

ಮಧ್ವೇಶ ಎತ್ತಿದ. ನಾನು ಬಾಯಿ ತೆರೆಯುವ ಮೊದಲೇ, "ಸರಗ ಗೊತ್ತಾತೇನ್ರಿ?" ಎಂದು ಕೇಳಿದ.

"ಗೊತ್ತಾತು. ನೀ ಎಲ್ಲಿದ್ದಿ?"

"ಡೈರೆಕ್ಟರ್ ಸಾಹೇಬ್ರ ರೂಮಿನ ಹೊರಗ. ನನ್ನ ಕೈಲೆ ಮುರೀತು ಅಂತ ಬರದು ಕೊಟ್ಟ ಬಂದೇನ್ರಿ. ನಾಳಿಂದ ಬರಬ್ಯಾಡ ಅಂದಾರ." ಆಮೇಲೆ, "ಸರಗ ಹೇಳಬಾರದಿತ್ರಿ ಮ್ಯಾಡಮ್," ಅಂದ.

ಕ್ಷಮಿಸು ಅನ್ನಬೇಕಿತ್ತು. ಅಷ್ಟರಲ್ಲಿ ಸರ್ ಕೈ ಚಾಚಿ ಫೋನ್ ಇಸಿದುಕೊಂಡರು. 

"ಮಧ್ವೇಶಾ, ಆ ಬಾಗಲಾ ಮತ್ತ ಬಡಿ. ಫೋನ್ ನಿಮ್ಮ ಸಾಹೇಬ್ರ ಕೈಯಾಗ ಕೊಡು. ಆ ಹುಳಾ ಕೆಡಿಸಿದಾಂವ ನಾನು, ನಲವತ್ತು ವರ್ಷದ ಹಿಂದನs. ನಾನs ಹೇಳತೇನಿ."

ಆ ಕಡೆ ಅವನು ಏಳುವ ಸದ್ದಾಯಿತು. ಆಮೇಲೆ ಬಾಗಿಲು ಬಡಿದದ್ದು ನನಗೂ ಕೇಳಿಸಿತು.