ತೊರಗಟ್ಟಿಯಲ್ಲಿ ಇಳಿಯದವಳು

"ಮಾಮಾ, ಗಾಡಿ ಚಾಲೂ ಮಾಡಬ್ಯಾಡ. ಒಂದೀಟ ಹಿಂದಕ ಬಾ."

ಕಂಡಕ್ಟರ್ ಹೊಳೆಪ್ಪನ ದನಿಯಲ್ಲಿ ಏನೋ ಇತ್ತು. ಡ್ರೈವರ್ ಇಮಾಮುದ್ದೀನ ಗಾಜು ಒರೆಸುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಸೀಟುಗಳ ನಡುವೆ ಹಾದು ಹಿಂದಕ್ಕೆ ಬಂದ. ಕಡೆಯ ಸೀಟಿನ ಮೇಲೆ, ಕಿಟಕಿಯ ಮಗ್ಗುಲಿಗೆ, ಒಂದು ಬಿದಿರಿನ ಮೊರ. ಮೊರದ ತುಂಬ ಬೇವಿನ ಸೊಪ್ಪು. ಸೊಪ್ಪಿನ ಮೇಲೆ ಹಸಿರು ಬಳೆ, ಮಡಿಕೆ ಬಿಚ್ಚದ ಹಸಿರು ಕುಪ್ಪಸದ ಖಣ. ನಡುವೆ ಅರಿಶಿಣ ಬಳಿದ ಮಣ್ಣಿನ ಮುಖ. ಕವಡೆಯ ಕಣ್ಣುಗಳು ಬಸ್ಸಿನ ಮುಂದಿನ ಗಾಜನ್ನೇ ನೋಡುತ್ತಿದ್ದವು.

"ಯಾರ ಇಟ್ಟಾರಲೇ ಇದನ್ನ?"

"ಇದನ್ನ ಅನಬ್ಯಾಡ ಮಾಮಾ. ಈಕಿನ್ನ ಅನ್ನು."

ಇಟ್ಟವಳು ಅಡಗಿಯೇನೂ ಇರಲಿಲ್ಲ. ಬಾಗಿಲ ಬಳಿ ಸೆರಗು ಹೊದ್ದುಕೊಂಡು ಮುದುಕಿ ಶಿವಗಂಗವ್ವ ನಿಂತಿದ್ದಳು.

"ನಾನ ಇಟ್ಟೀನೋ ಎಪ್ಪಾ. ಹೊತಗೊಂಡು ಸೀಮಿ ದಾಟಿಸೂ ಗಂಡಸರು ಊರಾಗ ಎಲ್ಲಿ ಅದಾರ? ಅರ್ಧಾ ಮಂದಿ ಸಾಲ್ಯಾಗ ಮಲಗ್ಯಾರ, ಅರ್ಧಾ ಮಂದಿ ಅವರ ತೆಲಿ ಹಿಡಕೊಂಡು ಕುಂತಾರ. ನಿಮ್ಮ ಗಾಡಿ ಬಂದ ಮ್ಯಾಲೆ ನಮ್ಮೂರಾಗ ನಾಕ ಜೀವಾ ಉಳದಾವ. ಜೀವಾ ತರೂ ಗಾಡಿ ಆಕಿನ್ನೂ ಸುಖರೂಪ ಕರಕೊಂಡು ಹೋಕ್ಕೈತಿ ಅಂತ ತಿಳದ್ನಿ."

"ಆದ್ರ ಸೀಟಿನ ಮ್ಯಾಲೆ ಕುಂದ್ರಿಸೀಯಲ್ಲಬೇ ಆಯಿ!"

"ಮತ್ತ ಆಕಿ ಕೆಳಗ ಕುಂದ್ರತಾಳೇನು?"

ಶ್ರಾವಣ ಹುಟ್ಟುತ್ತಲೇ ಶಿರಗುಂಡಿಗೆ ವಾಂತಿಭೇದಿ ಬಿದ್ದಿತ್ತು. ಮಳೆಗೆ ಕೆರೆಯ ನೀರು ರಾಡಿಯಾಗಿ, ಅದೇ ನೀರು ಕುಡಿದು ಮನೆಗೊಬ್ಬರಂತೆ ಮಲಗಿದರು. ಶಾಲೆಯೇ ದವಾಖಾನೆಯಾಯಿತು. ಡಾಕ್ಟರರ ಜೀಪು ಒಂದೇ, ಬೇನೆ ಬಿದ್ದ ಊರುಗಳು ಹಲವು. ಹಾಗಾಗಿ ಸಲಾಯಿನ್ ಬಾಟಲಿಯ ಪೆಟ್ಟಿಗೆಗಳನ್ನು ನವಲಗುಂದದಿಂದ ತರುವ ಕೆಲಸ ಶಿರಗುಂಡಿಯ ವಸ್ತಿ ಬಸ್ಸಿಗೆ ಬಂದಿತ್ತು. ರಾತ್ರಿ ಊರಲ್ಲೇ ನಿಂತು ಬೆಳಿಗ್ಗೆ ಹೊರಡುವ ಬಸ್ಸು. ಬೇರೆ ಸಿಬ್ಬಂದಿ ಒಲ್ಲೆವೆಂದಾಗ ಇವರಿಬ್ಬರು ಡ್ಯೂಟಿ ಬದಲಿಸಿಕೊಳ್ಳದೆ ಉಳಿದಿದ್ದರು.

ಇಂಥ ಬೇನೆ ಬಂದಾಗ, ಅದನ್ನು ತಂದ ದೇವಿಯೆಂದು ಅವ್ವನ ಮುಖ ಮಾಡಿ, ಪೂಜಿಸಿ, ಉಡಿ ತುಂಬಿ, ಊರ ಸೀಮೆಯಾಚೆ ಬಿಟ್ಟು ಬರುವುದು ಆ ಕಡೆಯ ಹಳೆಯ ನಡಾವಳಿ. ಹಾಗೆ ಹೊರಡಿಸಿದವಳನ್ನು ಮತ್ತೆ ಊರೊಳಗೆ ತರುವಂತಿಲ್ಲ. ಹೊಳೆಪ್ಪ ಈ ಅವ್ವನ ಬೀಸುಕಲ್ಲಿನ ಹಾಡು ಕೇಳುತ್ತ ತಾಯಿಯ ತೊಡೆಯ ಮೇಲೆ ಬೆಳೆದವನು. ಮೊರವನ್ನು ಎತ್ತಿ ಕೆಳಗಿಡಲು ಅವನ ಕೈ ಬರಲಿಲ್ಲ. ಇಮಾಮುದ್ದೀನ ಅವನ ಮುಖ ನೋಡಿದ. ಯಮನೂರಿನ ಹಾದಿಯಲ್ಲಿ ಗಾಡಿ ಹೊಡೆಯುವಾಗ ದರ್ಗಾದ ದಿಕ್ಕಿಗೆ ಒಮ್ಮೆ ಕೈಯೆತ್ತದೆ ಅವನೂ ಮುಂದೆ ಹೋಗುವವನಲ್ಲ.

"ಇರಲಿ ಬಿಡು" ಎಂದ. "ನಾವಿಬ್ಬರು ಹೊಂಟೀವಿ, ಆಕಿನೂ ಬರಲಿ."

ಅಷ್ಟರಲ್ಲಿ ಶಾಲೆಯ ಕಟ್ಟೆಯಿಂದ ನರ್ಸ್ ಕಸ್ತೂರೆವ್ವ ಓಡುನಡಿಗೆಯಲ್ಲಿ ಬಂದಳು. ನಿದ್ದೆಯಿಲ್ಲದ ಕಣ್ಣು. ಬಿಳಿ ಸೀರೆಯ ಅಂಚು ಕೆಸರಾಗಿತ್ತು.

"ಡ್ರೈವರ್ ಸಾಹೇಬ್ರ, ಇವತ್ತ ತಡಾ ಮಾಡಬ್ಯಾಡ್ರಿ. ಇದ್ದ ಬಾಟ್ಲಿ ಎಲ್ಲಾ ಹಚ್ಚೀನಿ. ಸಂಜೀತನಕಾ ಹೆಂಗರೆ ಮಾಡಿ ಎಳೀತೀನಿ. ನೀಲಕ್ಕಂದು ಭಾಳ ಕಠಿಣ ಐತಿ."

"ನೀಲಕ್ಕಂದಾ?" ಇಮಾಮುದ್ದೀನನ ದನಿ ಇಳಿಯಿತು. "ನಿನ್ನಿ ಸಂಜೀಕ ಚೊಲೋ ಇದ್ಲಲ್ರೀ."

"ನಸುಕಿನ್ಯಾಗ ತಂದು ಹಾಕ್ಯಾರ. ಒಂದ ಬಾಟ್ಲಿಗೆ ಕಣ್ಣ ತಗದಾಳ. ಮುಂದಿನ ಬಾಟ್ಲಿ ನೀವು ತರಬೇಕು."

ನೀಲಕ್ಕ ಗಂಡನಿಲ್ಲದವಳು, ಮಕ್ಕಳಿಲ್ಲದವಳು. ವಸ್ತಿ ಬಸ್ಸಿನವರಿಗೆ ಪಾಳಿಯ ಪ್ರಕಾರ ಮನೆಮನೆಯಿಂದ ಊಟ ಬರುವ ಆ ಊರಲ್ಲಿ, ತನ್ನ ಪಾಳಿ ಇಲ್ಲದ ದಿನವೂ ಬುಟ್ಟಿ ಹೊತ್ತು ಬಂದು, "ಅವರ ಮನಿ ಪಲ್ಲೆ ಬಾಯಾಗ ಇಡಾಕ ಬರಂಗಿಲ್ಲ, ಇದನ್ನ ಹಚ್ಕೋರಿ" ಎಂದು ಬೈಯುತ್ತ ಬಡಿಸುವವಳು. ಇಮಾಮುದ್ದೀನ ಆಕೆಯನ್ನು ಅವ್ವಾ ಅನ್ನುತ್ತಿದ್ದ. ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. ಅವನು ಹೋಗಿ ಸ್ಟೇರಿಂಗ್ ಹಿಡಿದು ಕುಳಿತ. ಹೊಳೆಪ್ಪ ಗಂಟೆ ಬಾರಿಸುವುದಕ್ಕೂ ಅವನು ಕಾಯಲಿಲ್ಲ.

ತೊರಗಟ್ಟಿಯ ಅಗಸಿ ಬಾಗಿಲ ಮುಂದೆ ಹಾದಿಗೆ ಅಡ್ಡಲಾಗಿ ಒಂದು ಬಂಡಿ ನಿಂತಿತ್ತು. ಎತ್ತುಗಳಿರಲಿಲ್ಲ. ಬಂಡಿಯ ಹಿಂದೆ ಊರಿನ ಮಂದಿ. ಸೈಕಲ್ಲಿನ ಮೇಲೆ ಹಾಲು ಒಯ್ಯುವವನೊಬ್ಬ ಸುದ್ದಿಯನ್ನು ಬಸ್ಸಿಗಿಂತ ಮುಂಚೆ ಮುಟ್ಟಿಸಿದ್ದ. ಎರಡೂ ಬದಿಗೆ ಮಳೆ ಕುಡಿದ ಎರೆಹೊಲ. ಚಕ್ರ ಇಳಿಸಿದರೆ ಬಿತ್ತಿದ ಹೆಸರುಕಾಳಿನ ಜೊತೆ ಬಸ್ಸೂ ಅಲ್ಲೇ ಬೇರು ಬಿಡುವಂತಿತ್ತು.

ಬಂಡಿಯ ಮೂಕಿ ಹಿಡಿದು ನಿಂತವನು ಹಿರಿಯ ಈರಪ್ಪ. ಹೋದ ವಾರ ಇದೇ ಬಸ್ಸಿನ ಮುಂದೆ ಕಾಯಿ ಒಡೆದು, "ನೀವಿಬ್ರು ಮನಷ್ಯಾರಲ್ಲ, ದೇವರು" ಎಂದು ಇಮಾಮುದ್ದೀನನ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದವನೂ ಅವನೇ.

"ಹಿಂದಕ ತಿರಗಸ್ರಿ" ಎಂದ ಈರಪ್ಪ. "ಶಿರಗುಂಡಿ ಅವ್ವ ನಮ್ಮ ಸೀಮ್ಯಾಗ ಬರಾಂಗಿಲ್ಲ. ಇಲ್ಲೂ ಮಕ್ಕಳು ಮರಿ ಅದಾವ."

"ಯಜಮಾನ್ರ, ಔಷಧ ತರಾಕ ಹೊಂಟೀವ್ರಿ" ಎಂದು ಇಮಾಮುದ್ದೀನ ಕಿಟಕಿಯಿಂದ ಕೈ ಮುಗಿದ. "ಇವತ್ತ ತಡಾ ಆದ್ರ ಅಲ್ಲಿ ಒಂದ ಜೀವಾ ಹೋಕ್ಕೈತ್ರಿ."

"ಔಷಧಕ್ಕ ಯಾರೂ ಬ್ಯಾಡ ಅಂದಿಲ್ಲ. ಆಕಿನ್ನ ಅವರ ಊರಾಗ ಬಿಟ್ಟು ಬರ್ರಿ, ಗಾಡಿಗೆ ಆರತಿ ಮಾಡಿ ಕಳಸ್ತೀವಿ."

"ಹೊರಗ ಹಾಕಿದಾಕಿನ್ನ ಒಳಗ ಒಯ್ಯಾಕ ಬರತೈತೇನ್ರಿ?" ಹೊಳೆಪ್ಪ ಕೇಳಿದ.

"ಅದು ನಿನ್ನ ತ್ರಾಸು, ನಮ್ಮದಲ್ಲ."

ಬಸ್ಸಿನಲ್ಲಿದ್ದ ನಾಲ್ಕಾರು ಪ್ರಯಾಣಿಕರು ಒಬ್ಬರ ಮುಖ ಒಬ್ಬರು ನೋಡಿದರು. ಕೆಳಗೆ ಇಳಿಯುವ ಧೈರ್ಯ ಯಾರಿಗೂ ಇಲ್ಲ. ಇಮಾಮುದ್ದೀನ ಎಂಜಿನ್ ಆರಿಸಿದ. ಆಗ ಇದ್ದಕ್ಕಿದ್ದಂತೆ ಹೊಲದ ಕಪ್ಪೆಗಳ ಸದ್ದು ಕೇಳತೊಡಗಿತು. ಹೊಳೆಪ್ಪ ಒಂದು ಸುಳ್ಳು ಹೇಳಿಬಿಡಬಹುದಿತ್ತು, ಮೊರ ಇಲ್ಲವೆಂದು. ಆ ಕವಡೆಯ ಕಣ್ಣುಗಳ ಎದುರು ಅದು ಬಾಯಿಗೆ ಬರಲಿಲ್ಲ. ಅವನು ಹಿಂದಕ್ಕೆ ನಡೆದ. ಚೀಲದಿಂದ ಟಿಕೀಟಿನ ಹಲಗೆ ತೆಗೆದ. ಪಂಚಿನಿಂದ ಟಿಕ್ ಟಿಕ್ ಎಂದು ಒತ್ತಿ ಒಂದು ಟಿಕೀಟು ಹರಿದ. ಅದರ ಹಣವನ್ನು ತನ್ನ ಅಂಗಿಯ ಜೇಬಿನಿಂದ ತೆಗೆದು ಚೀಲಕ್ಕೆ ಹಾಕಿದ. ಟಿಕೀಟನ್ನು ಹಸಿರು ಬಳೆಯೊಳಗೆ ಸಿಕ್ಕಿಸಿ, ಕೈ ಮುಗಿದು, ಕೆಳಗೆ ಇಳಿದ.

"ಈರಪ್ಪಣ್ಣಾರ, ಬೇಕಾದ್ರ ಕಿಡಕ್ಯಾಗ ಹಣಿಕಿ ಹಾಕಿ ನೋಡ್ರಿ. ಟಿಕೀಟ ಹರದೀನಿ. ಶಿರಗುಂಡಿಯಿಂದ ನವಲಗುಂದಕ್ಕ. ನಿಮ್ಮೂರಿಗೆ ಇಳಿಯೂ ಪ್ಯಾಸೆಂಜರ್ ಅಲ್ರಿ ಆಕಿ."

ಯಾರೋ ಕಿಸಕ್ಕನೆ ನಕ್ಕರು. ಈರಪ್ಪ ತಿರುಗಿ ನೋಡಿದ್ದೇ ನಗೆ ನಿಂತಿತು.

"ಚಾಷ್ಟಿ ಮಾಡತೀಯೇನಲೇ ಹೊಳ್ಯಾ?"

"ಚಾಷ್ಟಿ ಅಲ್ರಿ, ನಮ್ಮವ್ವನ ಆಣಿ. ಟಿಕೀಟ ಹರದ ಮ್ಯಾಲೆ ನಡುವ ಇಳಸೂ ಹಕ್ಕು ನನಗಿಲ್ಲ. ಆಕಿ ತನ್ನ ಪಾಡಿಗೆ ತಾನು ಹಾದೀ ಹಿಡದ ಹೊಂಟಿದ್ಲು. ನಿಮ್ಮ ಸೀಮ್ಯಾಗ ಗಾಡಿ ನಿಂದ್ರಸಿದವ್ರು ನೀವು. ಇಲ್ಲಿ ನಿಂತಷ್ಟು ಹೊತ್ತೂ ಆಕಿ ತೊರಗಟ್ಟ್ಯಾಗ ಕುಂತಂಗ. ಬಿಸಲ ಏರತೈತಿ. ಬ್ಯಾಸತ್ತು ಇಲ್ಲೇ ಇಳದಬಿಟ್ಲು ಅಂದ್ರ, ಇಳಿಸಿಕೊಂಡವ್ರು ಯಾರಂತ ನೀವ ಹೇಳ್ರಿ."

ಮಂದಿಯ ನಡುವೆ ಗುಜುಗುಜು ಎದ್ದಿತು. ಈರಪ್ಪ ಬಸ್ಸಿನ ಕಡೆಯ ಕಿಟಕಿಯನ್ನು ನೋಡಿದ, ಬಂಡಿಯನ್ನು ನೋಡಿದ, ತನ್ನ ಕೈಯಲ್ಲಿದ್ದ ಮೂಕಿಯನ್ನು ನೋಡಿದ. ಅವನ ತಾಯಿಯ ವಯಸ್ಸಿನ ಮುದುಕಿಯೊಬ್ಬಳು ಹಿಂದಿನಿಂದ ಚೀರಿದಳು:

"ಖರೇ ಹೇಳತಾನಲ್ಲೋ ಅಂವಾ! ಹೊಂಟಾಕಿನ್ನ ಕೈ ಹಿಡದು ಜಗ್ಗಿ ಕುಂದ್ರಿಸಿದಂಗಾತು. ಸರಸ್ರೋ ಬಂಡಿ, ನಿಮ್ಮ ಬುದ್ಧಿಗಿಷ್ಟು!"

ಬಂಡಿ ಸರಿಯಿತು. ಅದನ್ನು ಎಲ್ಲರಿಗಿಂತ ಜೋರಾಗಿ ನೂಕಿದವನು ಈರಪ್ಪನೇ. ಮುದುಕಿ ಅಕ್ಕಿ, ಎಲೆ, ಅಡಿಕೆಯನ್ನು ಸೆರಗಿನಲ್ಲಿ ತಂದು, ಹಾದುಹೋಗುವವಳು ಬರಿಯ ಉಡಿಯಲ್ಲಿ ಹೋಗಬಾರದೆಂದು ಕಿಟಕಿಯೊಳಗೆ ಕೈ ಚಾಚಿ ಮೊರಕ್ಕೆ ಹಾಕಿದಳು.

"ನಡೀರಿ, ಹೊಂಡ್ರಿ ಬೇಗನ!" ಈರಪ್ಪ ಬಸ್ಸಿನ ಮಗ್ಗುಲಿಗೆ ಬಡಿದ. "ಮತ್ತ ರಿಟರ್ನ್ ಟಿಕೀಟ ಗಿಕೀಟ ಹರದೀಯಪಾ!"

ಊರು ದಾಟಿದ ಮೇಲೆ ಇಮಾಮುದ್ದೀನ ನಕ್ಕ. ನಕ್ಕು ನಕ್ಕು ಕಣ್ಣು ಒರೆಸಿಕೊಂಡ. "ಲೇ, ಇಷ್ಟು ವರ್ಷ ನನ್ನ ಬಾಜು ನಿಂತೀದಿ, ಇಂಥಾ ವಕೀಲ ಅಂತ ಗೊತ್ತಿರಲಿಲ್ಲ ನೋಡು."

ಹೊಳೆಪ್ಪ ನಗಲಿಲ್ಲ. "ನಾ ವಾದಾ ಮಾಡಿಲ್ಲ ಮಾಮಾ. ಟಿಕೀಟ ಕೊಟ್ಟೀನಿ. ಇನ್ನ ಮುಟ್ಟಸಬೇಕು."

ನವಲಗುಂದದಲ್ಲಿ ಬಸ್ಸು ಖಾಲಿಯಾದ ಮೇಲೆ ಅವನು ಮೊರವನ್ನು ತಲೆಯ ಮೇಲೆ ಹೊತ್ತು ಊರಾಚೆಯ ಬೇವಿನ ಕಟ್ಟೆಗೆ ನಡೆದ. ಹಳ್ಳದ ನೀರಿಗೆ ಬಿಟ್ಟರೆ ಕೆಳಗಿನ ಊರಿನವರೂ ಅದೇ ನೀರು ಕುಡಿಯುತ್ತಾರೆಂದು ಬೇಡವೆನಿಸಿತು. ಬೇನೆ ನೀರಿನಿಂದ ಬರುತ್ತದೆಂದು ಕಸ್ತೂರೆವ್ವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಗಿಡದ ಬುಡದಲ್ಲಿ, ಯಾರ ಮನೆಯ ಕಡೆಗೂ ಮುಖ ಮಾಡದಂತೆ ಕೂರಿಸಿ, "ಇಲ್ಲಿ ನೆಳ್ಳ ಐತಿ ತಾಯಿ, ಕುಂದ್ರು" ಎಂದ. ಬಂದು ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡ.

ಪೆಟ್ಟಿಗೆಗಳು ಹುಬ್ಬಳ್ಳಿಯಿಂದ ಇನ್ನೂ ಬಂದಿರಲಿಲ್ಲ. ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಇಬ್ಬರೂ ಕಾದರು. ಪೇಪರಿನಲ್ಲಿ ಬಂದಿದ್ದ ಅವರ ಫೋಟೋವನ್ನು ಅಂಗಡಿಯವನು ಗೋಡೆಗೆ ಅಂಟಿಸಿದ್ದ. ಬಂದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದ. ಚಹಾವನ್ನು ಮಾತ್ರ, ಬೇನೆಯ ಊರಿಂದ ಬಂದವರೆಂದು, ಇವರು ತಂದಿದ್ದ ಗ್ಲಾಸಿಗೆ ಮೇಲಿನಿಂದ ಸುರಿದ. ಇಮಾಮುದ್ದೀನ ಅದನ್ನು ಕುಡಿದು, ರಸ್ತೆಯನ್ನು ನೋಡುತ್ತ ಕುಳಿತ. ಹೊತ್ತು ಇಳಿಯತೊಡಗಿದಾಗ ಪೆಟ್ಟಿಗೆ ಬಂದವು.

ತಿರುಗಿ ಬರುವಾಗ ಮಳೆ. ತೊರಗಟ್ಟಿಯಲ್ಲಿ ಯಾರೂ ತಡೆಯಲಿಲ್ಲ. ಆದರೆ ಊರು ದಾಟಿ, ಸೀಮೆಯ ಕಲ್ಲನ್ನೂ ದಾಟಿ ಒಂದು ಕೂಗಳತೆ ಹೋಗುವಷ್ಟರಲ್ಲಿ ಬಸ್ಸಿನ ಹಿಂದಿನ ಚಕ್ರ ಹಾದಿಯ ಅಂಚಿನಿಂದ ಜಾರಿತು. ಇಮಾಮುದ್ದೀನ ಎಷ್ಟು ಒತ್ತಿದರೂ ಚಕ್ರ ಇದ್ದಲ್ಲೇ ತಿರುಗಿ ಇನ್ನಷ್ಟು ಹೂತಿತು. ಶಿರಗುಂಡಿಯ ಶಾಲೆಯ ಹಂಚು ದೂರದಲ್ಲಿ ಕಾಣುತ್ತಿತ್ತು, ಕಂಡರೂ ಇಬ್ಬರ ಹೆಗಲಿಗೆ ಅಷ್ಟು ಪೆಟ್ಟಿಗೆ ಎತ್ತುವುದಾಗದು.

ಎಂಜಿನ್ನಿನ ಒರಲು ಕೇಳಿ ತೊರಗಟ್ಟಿಯ ಮಂದಿ ಗೋಣಿಚೀಲ ತಲೆಗೆ ಹಾಕಿಕೊಂಡು ಓಡಿಬಂದರು. ಬಂದವರು ಕಲ್ಲಿನ ಹತ್ತಿರ, ಗೆರೆ ಎಳೆದಂತೆ ನಿಂತರು. ಬೇನೆ ಇರುವತನಕ ಶಿರಗುಂಡಿಯ ಮಣ್ಣು ತುಳಿಯುವುದಿಲ್ಲವೆಂದು ಊರೆಲ್ಲ ಕೂಡಿ ಗುಡಿಯಲ್ಲಿ ಮಾತಾಡಿತ್ತು.

"ಹೊಳೆಪ್ಪಾ!" ಈರಪ್ಪ ಕಲ್ಲಿನ ಆಚೆಯಿಂದ ಕೂಗಿದ. "ಆಕಿ ಎಲ್ಲಿ ಇಳದ್ಲು?"

"ನವಲಗುಂದದಾಗರಿ. ಬೇವಿನ ಕಟ್ಟೀಗೆ."

"ಖರೇ ಇಳದ್ಲು?"

"ಕೈಯ್ಯಾರೆ ಇಳಿಸಿ, ಕುಂದ್ರಿಸಿ, ಕೈ ಮುಗದ ಬಂದೀನ್ರಿ."

ಈರಪ್ಪ ಮಳೆಯಲ್ಲಿ ನಿಂತು ಯೋಚಿಸಿದ. ಆಮೇಲೆ ತಲೆಯ ಪಟಗದ ತುದಿ ಸಿಕ್ಕಿಸಿಕೊಂಡು, "ಹಂಗಾದ್ರ ಈ ಸೀಮ್ಯಾಗ ಈಗ ಯಾರದಾರ? ಮಣ್ಣಷ್ಟ" ಎಂದು ತನಗೇ ಹೇಳಿಕೊಂಡಂತೆ ಹೇಳಿ, ಕಲ್ಲು ದಾಟಿ ಕಾಲಿಟ್ಟ. ಎರೆಮಣ್ಣು ಅವನ ಕಾಲನ್ನು ಮೀನಖಂಡದವರೆಗೆ ನುಂಗಿತು. "ನೋಡ್ಕೋತ ನಿಂತೀರೇನ್ರೋ? ಪೆಟಿಗಿ ಎತ್ರಿ! ಬಾಟ್ಲಿ ಒಡದ್ರ ನೋಡ್ರಿ ಮತ್ತ!"

ಬಸ್ಸನ್ನು ಅಲ್ಲೇ ಬಿಟ್ಟು ಪೆಟ್ಟಿಗೆಗಳು ಹೆಗಲೇರಿ ಹೊರಟವು. ಜಾರಿದವನನ್ನು ಹಿಂದಿನವನು ಬೈದು ಹಿಡಿಯುತ್ತಿದ್ದ. ಎಲ್ಲರಿಗಿಂತ ಮುಂದೆ ಇಮಾಮುದ್ದೀನ. ಚಪ್ಪಲಿ ಎಲ್ಲೋ ಮಣ್ಣಲ್ಲಿ ಉಳಿದಿತ್ತು. ಪೆಟ್ಟಿಗೆಯನ್ನು ಅವನು ಮಗುವಿನಂತೆ ಎದೆಗೆ ಅವುಚಿಕೊಂಡಿದ್ದ.

ಶಾಲೆಯೊಳಗೆ ಕಸ್ತೂರೆವ್ವ ಅವನ ಕೈಯಿಂದ ಪೆಟ್ಟಿಗೆಯನ್ನು ಕಿತ್ತುಕೊಂಡಳು ಅನ್ನಬೇಕು. ನೀಲಕ್ಕ ಮೂಲೆಯಲ್ಲಿ ಚಾಪೆಯ ಮೇಲಿದ್ದಳು. ಕಣ್ಣು ಒಳಗೆ ಹೋಗಿತ್ತು, ತುಟಿ ಒಣಗಿ ಬೆಳ್ಳಗಾಗಿತ್ತು. ಕಸ್ತೂರೆವ್ವ ಮೊಣಕಾಲೂರಿ ನರ ಹುಡುಕಿದಳು, ಮತ್ತೆ ಹುಡುಕಿದಳು. ಸಿಕ್ಕಿತು. ಬಾಟಲಿ ತೂಗುಹಾಕಲು ಸುತ್ತ ನೋಡಿದರೆ ಗೋಡೆಯ ಎಲ್ಲ ಮೊಳೆಗಳಲ್ಲೂ ಬೇರೆಯವರ ಬಾಟಲಿಗಳು ಇನ್ನೂ ಹನಿಯುತ್ತಿದ್ದವು.

"ಹಿಡಕೋರಿ ಇದನ್ನ" ಎಂದಳು. "ಮ್ಯಾಲೆ. ಇನ್ನೂ ಮ್ಯಾಲೆ."

ಇಮಾಮುದ್ದೀನ ಬಾಟಲಿಯನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿದ. ಅವನ ತೋಳಿನಿಂದ ಮಳೆಯ ನೀರು ಅಂಗಿಯೊಳಗೆ ಇಳಿಯುತ್ತಿತ್ತು.

ಹೊರಗೆ ಹಲಗೆ ಬಡಿಯುವ ಸದ್ದು ಶುರುವಾಯಿತು. ಶಿರಗುಂಡಿಯವರೂ ತೊರಗಟ್ಟಿಯವರೂ ಅಂಗಳದಲ್ಲಿ ಕೂಡಿದ್ದರು. ಈರಪ್ಪನ ದನಿ ಎಲ್ಲಕ್ಕಿಂತ ಮೇಲೆ ಕೇಳುತ್ತಿತ್ತು. ಹೊಳೆಪ್ಪನನ್ನು ಯಾರೋ ಹೆಗಲ ಮೇಲೆ ಎತ್ತಿರಬೇಕು, "ಇಳಸ್ರೋ ಮಾರಾಯ್ರಾ, ಬೀಳತೀನಿ" ಎಂದು ಅವನು ಕೂಗುತ್ತಿದ್ದ. ಶಿವಗಂಗವ್ವ ಬಾಗಿಲಲ್ಲಿ ಹಣಿಕಿ ಹಾಕಿದಳು. ಅವಳ ಕೈಯಲ್ಲಿ ಒದ್ದೆ ಹೂವಿನ ಮಾಲೆ.

"ಬಾರೋ ಎಪ್ಪಾ, ಎಲ್ಲಾರೂ ನಿನ್ನ ಹಾದೀ ಕಾಯಾಕತ್ತಾರ. ಮಾಲಿ ಹಾಕಬೇಕಂತ."

"ಆಮ್ಯಾಲೆ ಬರ್ತೀನಬೇ ಆಯಿ" ಎಂದ ಅವನು, ಅವಳತ್ತ ತಿರುಗದೆ. "ಈಗ ಕೈ ಬಿಡುವಿಲ್ಲ."

ಶಿವಗಂಗವ್ವ ಅವನು ಎತ್ತಿ ಹಿಡಿದ ಬಾಟಲಿಯನ್ನು ನೋಡಿದಳು. ಆಮೇಲೆ ಹೊರಗೆ ಹೋಗಿ ಏನೋ ಅಂದಳು. ಹಲಗೆ ನಿಂತಿತು. ಹಂಚಿನಿಂದ ಮಳೆಹನಿ ಬೀಳುವ ಸದ್ದಷ್ಟೇ ಉಳಿಯಿತು.

ಇಮಾಮುದ್ದೀನ ನೀಲಕ್ಕನ ರೆಪ್ಪೆಯನ್ನು ನೋಡುತ್ತ ನಿಂತ. ಅದು ಒಮ್ಮೆ ಅಲುಗಿತು. ತೋಳು ಸೋತಿತ್ತು. ಅವನು ಬಾಟಲಿಯನ್ನು ಅಲುಗಿಸದೆ, ಮೆಲ್ಲಗೆ, ಬಲಗೈಯಿಂದ ಎಡಗೈಗೆ ಬದಲಿಸಿಕೊಂಡ. ಗಾಜಿನ ನಳಿಗೆಯಲ್ಲಿ ಹನಿಯೊಂದು ದುಂಡಗೆ ತುಂಬಿ, ಕಳಚಿ, ಕೆಳಗೆ ಬಿತ್ತು. ಅದರ ಹಿಂದೆ ಇನ್ನೊಂದು ತುಂಬತೊಡಗಿತು.